ದಂಡವನ್ನು ದಿನಗಳಲ್ಲಿ ಅಳೆದರೆ

ಜರ್ಮನಿಯಲ್ಲಿ ಕ್ರಿಮಿನಲ್ ಪ್ರಕರಣಗಳ ವಿಚಾರಣೆಯನ್ನು ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಿ ನೋಡಬಹುದು. ನಾನಿರುವ ಊರಿನ ಕೆಳಹಂತದ ನ್ಯಾಯಾಲಯದಲ್ಲಿ ಒಂದು ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಗ, ಕುಡಿದು ಕಾರು ಓಡಿಸಿದ ಎರಡು ಪ್ರಕರಣಗಳು ಒಂದರ ಹಿಂದೆ ಒಂದು ಬಂದವು. ಮೊದಲನೆಯ ಆರೋಪಿ ಹೋಟೆಲೊಂದರ ಅಡುಗೆಮನೆಯಲ್ಲಿ ಅರ್ಧ ದಿನ ಪಾತ್ರೆ ತೊಳೆಯುವವನು, ಎರಡನೆಯವನು ಎಂಜಿನಿಯರ್. ನ್ಯಾಯಾಧೀಶೆ ಇಬ್ಬರನ್ನೂ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ, ಮನೆಯಲ್ಲಿ ಯಾರು ಯಾರನ್ನು ಸಾಕಬೇಕು ಎಂದು ಕೇಳಿ ಬರೆದುಕೊಂಡರು. ಕೊನೆಗೆ ಇಬ್ಬರಿಗೂ ವಿಧಿಸಿದ್ದು ಒಂದೇ ಶಿಕ್ಷೆ, 40 ದಿನಗಳ ದಂಡ. ಆದರೆ ತಿಂಗಳಿಗೆ 600 ಯೂರೋ ಗಳಿಸುವವನಿಗೆ ದಿನಕ್ಕೆ 20ರಂತೆ ಅದು 800 ಯೂರೋ ಆಯಿತು, 3,300 ಗಳಿಸುವವನಿಗೆ ದಿನಕ್ಕೆ 110ರಂತೆ 4,400 ಯೂರೋ ಆಯಿತು. ಇಬ್ಬರೂ ಮರುಮಾತಿಲ್ಲದೆ ಒಪ್ಪಿಕೊಂಡು ಹೊರನಡೆದರು. ನಾನು ಮಾತ್ರ ಊರನ್ನು ನೆನೆಯುತ್ತಾ ಅಲ್ಲೇ ಕುಳಿತಿದ್ದೆ.

ಇಲ್ಲಿ ಇದನ್ನು ‘ಟಾಗೆಸ್‌ಜಾಟ್ಸ್’ ಎನ್ನುತ್ತಾರೆ, ದಿನದ ದರ ಎಂದರ್ಥ. 1975ರಿಂದ ಜಾರಿಯಲ್ಲಿರುವ ಈ ಪದ್ಧತಿಯಲ್ಲಿ ನ್ಯಾಯಾಲಯ ಎರಡು ಹೆಜ್ಜೆ ಇಡುತ್ತದೆ. ತಪ್ಪಿನ ಗುರುತ್ವಕ್ಕೆ ತಕ್ಕಂತೆ 5ರಿಂದ 360ರವರೆಗೆ ದಿನಗಳ ಸಂಖ್ಯೆಯನ್ನು ಮೊದಲು ಗೊತ್ತುಮಾಡುತ್ತದೆ, ಆಮೇಲೆ ಅಪರಾಧಿಯ ನಿವ್ವಳ ಆದಾಯವನ್ನು ನೋಡಿ ಒಂದು ದಿನದ ಮೊತ್ತವನ್ನು 1 ಯೂರೋದಿಂದ 30,000 ಯೂರೋಗಳ ನಡುವೆ ನಿಗದಿ ಮಾಡುತ್ತದೆ. ಫಿನ್‌ಲೆಂಡ್ ಇಂಥದೇ ಪದ್ಧತಿಯನ್ನು 1921ರಲ್ಲೇ ತಂದಿತ್ತು, ಅಲ್ಲಿ ವಿಪರೀತ ವೇಗದಲ್ಲಿ ಗಾಡಿ ಓಡಿಸಿದವರಿಗೂ ಆದಾಯದ ಲೆಕ್ಕದಲ್ಲೇ ದಂಡ. ಜರ್ಮನಿಯಲ್ಲಿ ಸಣ್ಣಪುಟ್ಟ ಸಂಚಾರ ಉಲ್ಲಂಘನೆಗೆ ಎಲ್ಲರಿಗೂ ಒಂದೇ ಮೊತ್ತವಾದರೂ, ಅಪರಾಧವೆಂದು ನ್ಯಾಯಾಲಯಕ್ಕೆ ಬಂದು ಶಿಕ್ಷೆಯಾಗುವ ಪ್ರಕರಣಗಳಲ್ಲಿ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಈ ದಿನದಂಡದಲ್ಲೇ ಮುಗಿಯುತ್ತವೆ. ಆರು ತಿಂಗಳಿಗಿಂತ ಕಡಿಮೆ ಅವಧಿಯ ಜೈಲುಶಿಕ್ಷೆಯನ್ನು ಅನಿವಾರ್ಯವಾದಾಗ ಮಾತ್ರ ಕೊಡಬೇಕೆಂದು ಇಲ್ಲಿನ ದಂಡಸಂಹಿತೆ ಹೇಳುತ್ತದೆ. ಶಿಕ್ಷೆಗೆ ಅಪರಾಧಿಯ ತಪ್ಪೇ ಆಧಾರವಾಗಬೇಕು, ಆದರೆ ಆ ಶಿಕ್ಷೆ ಅವನ ಮುಂದಿನ ಬದುಕನ್ನು ಏನು ಮಾಡುತ್ತದೆ ಎಂಬುದನ್ನೂ ಗಮನಿಸಬೇಕು ಎಂದು ಅದೇ ಸಂಹಿತೆಯ 46ನೆಯ ವಿಧಿ ಹೇಳುತ್ತದೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಹೊಣೆಯನ್ನು ನ್ಯಾಯಾಧೀಶರ ಹೆಗಲಿಗೇರಿಸುವ ಕಾನೂನನ್ನು ನಾನು ಬೇರೆಲ್ಲೂ ಓದಿಲ್ಲ.

ನಮ್ಮಲ್ಲಿ ದಂಡವನ್ನು ರೂಪಾಯಿಯಲ್ಲೇ ಬರೆದಿಟ್ಟಿದ್ದೇವೆ. ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ವಾಹನ ಓಡಿಸಿದವರಿಗೆ 1860ರ ಭಾರತೀಯ ದಂಡ ಸಂಹಿತೆ ಆರು ತಿಂಗಳ ಸೆರೆ, ಇಲ್ಲವೇ ಹೆಚ್ಚೆಂದರೆ 1,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಹೇಳಿತ್ತು. ಆಗ ಅದು ಕುದುರೆಗಾಡಿಗಳ ಕಾಲ, ಸಾವಿರ ರೂಪಾಯಿ ಎಂದರೆ ಒಂದು ಸಂಸಾರದ ಆಸ್ತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಂನಲ್ಲೂ ಅದೇ ಆರು ತಿಂಗಳು, ಅದೇ ಸಾವಿರ ರೂಪಾಯಿ ಉಳಿದಿದೆ. ಕೋಟಿ ಬೆಲೆಯ ಕಾರಿನವರು ಅದನ್ನು ದಂಡವೆಂದು ಎಣಿಸುವುದೇ ಇಲ್ಲ, ಆಟೋ ಓಡಿಸುವವರಿಗೆ ಅದು ಎರಡು ದಿನದ ಅನ್ನ.

ಹಾಗಾದರೆ ಮೊತ್ತವನ್ನು ಏರಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಕೊಟ್ಟ ವರದಿ, ಶಿಕ್ಷೆಯ ಪ್ರಮಾಣಕ್ಕೆ ಮಾರ್ಗಸೂಚಿ ರೂಪಿಸಲು ಶಾಸನಬದ್ಧ ಸಮಿತಿಯೊಂದು ಬೇಕೆಂದು ಹೇಳಿತ್ತು. ಆ ಮಾತಿಗೆ ಇಂದಿಗೂ ಅದೇ ತೂಕವಿದೆ. ಆದರೆ ಎಲ್ಲರಿಗೂ ಒಂದೇ ಆದ ಮೊತ್ತವನ್ನು ಹತ್ತು ಪಟ್ಟು ಏರಿಸಿದರೆ ಮುರಿಯುವುದು ಬಡವನ ಬೆನ್ನು ಮಾತ್ರ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೆಲ್ಮೆಟ್ ಇಲ್ಲದ ಸವಾರರಿಗೆ 1,000 ರೂಪಾಯಿ ದಂಡ ಹೇಳಿದಾಗ, ಜನರ ಕೂಗಿಗೆ ಮಣಿದ ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಬೇಕಾಯಿತು. 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇ. 50 ರಿಯಾಯಿತಿ ಘೋಷಿಸಿದಾಗ ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತು ನೂರು ಕೋಟಿಗೂ ಹೆಚ್ಚು ಹಣ ಕಟ್ಟಿದರು. ಕೈಗೆಟುಕುವ ಮೊತ್ತವಾದರೆ ಕಟ್ಟಲು ನಮ್ಮ ಜನ ಹಿಂಜರಿಯುವುದಿಲ್ಲ ಎಂಬುದಕ್ಕೆ ಆ ಸಾಲುಗಳೇ ಸಾಕ್ಷಿ. ಆದರೆ ಆ ರಿಯಾಯಿತಿ ಬಡವನಿಗೂ ಸಿರಿವಂತನಿಗೂ ಒಂದೇ ಸಮನಾಗಿ ಸಿಕ್ಕಿತು ಎಂಬ ಕೊರಗು ನನಗಿದೆ.

ದಂಡ್ಯನ ಶಕ್ತಿಯನ್ನು ನೋಡಿ ದಂಡಿಸುವುದು ಪರದೇಶದ ಆಲೋಚನೆಯೇನೂ ಅಲ್ಲ. ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕೆಲಸ ಮತ್ತು ವಿತ್ತ ಇಷ್ಟನ್ನೂ ಅರಿತು ದಂಡ ವಿಧಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನವನ್ನು ವಿಜ್ಞಾನೇಶ್ವರ ಬರೆದದ್ದು ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಅದೇ ಸ್ಮೃತಿ ವರ್ಣಕ್ಕೊಂದು ದಂಡವನ್ನೂ ಹೇಳುತ್ತದೆ. ಇಂದಿನ ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲದಿರುವುದು ನಮ್ಮ ಪುಣ್ಯ. ಅದರೊಡನೆ ‘ವಿತ್ತ’ವೆಂಬ ಆ ಒಂದು ಎಣಿಕೆಯನ್ನೂ ಕಳೆದುಕೊಂಡೆವಲ್ಲ ಎಂಬುದಷ್ಟೇ ನನ್ನ ಸಂಕಟ.

ಜರ್ಮನಿಯ ಪದ್ಧತಿಯನ್ನು ಹಾಗೆಯೇ ಎತ್ತಿ ತರಬೇಕೆಂದು ನಾನು ಹೇಳುತ್ತಿಲ್ಲ, ಏಕೆಂದರೆ ಅದರ ಹುಳುಕನ್ನೂ ಹತ್ತಿರದಿಂದ ನೋಡಿದ್ದೇನೆ. ಎಷ್ಟೋ ಪ್ರಕರಣಗಳು ವಿಚಾರಣೆಯಿಲ್ಲದೆ, ಅಂಚೆಯಲ್ಲಿ ಬರುವ ದಂಡದ ಆದೇಶದಿಂದಲೇ ಇತ್ಯರ್ಥವಾಗುತ್ತವೆ, ಆಕ್ಷೇಪಿಸಲು ಇರುವುದು ಎರಡೇ ವಾರ. ಆದಾಯ ತಿಳಿಯದಿದ್ದರೆ ನ್ಯಾಯಾಲಯ ಅಂದಾಜು ಮಾಡುತ್ತದೆ, ಭಾಷೆ ಬಾರದವರು, ಮನಸ್ಸಿನ ಕಾಯಿಲೆಯವರು, ಮನೆಯಿಲ್ಲದವರು ಲಕೋಟೆಯನ್ನು ತೆರೆಯುವುದೇ ಇಲ್ಲ. ದಂಡ ಕಟ್ಟದಿದ್ದರೆ ಸೆರೆ. ಟಿಕೆಟ್ ಇಲ್ಲದೆ ಟ್ರಾಮ್ ಹತ್ತುವುದು ಇಲ್ಲಿ 1935ರ ಕಾನೂನಿನಂತೆ ಇಂದಿಗೂ ಅಪರಾಧವಾಗಿರುವುದರಿಂದ, ಎರಡು ಮೂರು ಯೂರೋ ಇಲ್ಲದವರು ಆ ದಾರಿಯಲ್ಲಿ ಜೈಲು ಸೇರುತ್ತಾರೆ. ಮೊದಲು ಒಂದು ದಿನದಂಡಕ್ಕೆ ಒಂದು ದಿನದ ಸೆರೆಯಿತ್ತು, 2024ರ ಫೆಬ್ರುವರಿಯಿಂದ ಎರಡು ದಿನದಂಡಕ್ಕೆ ಒಂದು ದಿನವೆಂದು ಬದಲಾಯಿಸಿದ್ದಾರೆ. ಸೆರೆಯ ಬದಲು ಊರಿನ ಕೆಲಸ ಮಾಡಿ ದಂಡ ತೀರಿಸುವ ಅವಕಾಶವೂ ಇದೆ. ನಾವು ಕಲಿಯಬೇಕಾದದ್ದು ಇದನ್ನೂ ಸೇರಿಸಿ. ನಮ್ಮ ಹೊಸ ಸಂಹಿತೆ ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಯೆಂದು ಒಪ್ಪಿಕೊಂಡಿದೆ, ಆದರೆ ಆರೇ ಆರು ಅಪರಾಧಗಳಿಗೆ. ದಂಡವನ್ನಷ್ಟೇ ವಿಧಿಸಬಹುದಾದ ಅಪರಾಧದಲ್ಲೂ ಅದನ್ನು ಕಟ್ಟಲಾಗದವನಿಗೆ 5,000 ರೂಪಾಯಿಯವರೆಗೆ ಎರಡು ತಿಂಗಳು, 10,000ದವರೆಗೆ ನಾಲ್ಕು ತಿಂಗಳವರೆಗಿನ ಸೆರೆಯನ್ನು ಅದು ಹೇಳುತ್ತದೆ. ಹೀಗೆ ಒಳಗಾದ ಬಡ ಕೈದಿಗಳ ದಂಡವನ್ನು 25,000 ರೂಪಾಯಿಯವರೆಗೆ ತುಂಬುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ತಂದಿತು. ಒಂದು ಕೈಯಿಂದ ವಿಧಿಸಿದ ದಂಡವನ್ನು ಸರ್ಕಾರ ಇನ್ನೊಂದು ಕೈಯಿಂದ ತಾನೇ ಕಟ್ಟಬೇಕಾಗಿ ಬಂದಿರುವಾಗ, ವಿಧಿಸುವ ಹೊತ್ತಿಗೇ ಲೆಕ್ಕ ತಪ್ಪಿದೆ ಎಂದು ತಿಳಿಯಬೇಡವೇ?

ನಗದಿನಲ್ಲಿ ದುಡಿಯುವ ನಮ್ಮ ನಾಡಿನಲ್ಲಿ ಆದಾಯವನ್ನು ಕಂಡುಹಿಡಿಯುವುದು ಹೇಗೆ ಎಂಬ ಆಕ್ಷೇಪ ನಿಜವಾದದ್ದೇ. ಪಡಿತರ ಚೀಟಿ, ಪಹಣಿ, ಆದಾಯ ಪ್ರಮಾಣಪತ್ರ, ತೆರಿಗೆಯ ದಾಖಲೆ ಯಾವುದೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಆದರೂ ವಿದ್ಯಾರ್ಥಿವೇತನಕ್ಕೆ, ಅಕ್ಕಿಗೆ, ಪಿಂಚಣಿಗೆ ಇದೇ ಕಾಗದಗಳನ್ನು ನಂಬುವ ಸರ್ಕಾರ ದಂಡಕ್ಕೆ ಮಾತ್ರ ನಂಬಲಾರದೆಂದರೆ ನಾನು ಒಪ್ಪಲಾರೆ. ಬಡವನಿಗೆ ಕನಿಷ್ಠ ಕೂಲಿಯ ಒಂದು ಭಾಗವನ್ನು ದಿನದ ದರವೆಂದು ಮೊದಲೇ ಗೊತ್ತುಮಾಡಿ, ತೆರಿಗೆ ಕಟ್ಟುವವರಿಗೆ ಅವರೇ ಸಲ್ಲಿಸಿದ ಲೆಕ್ಕವನ್ನು ಹಿಡಿದರೂ ಇಂದಿಗಿಂತ ಮೇಲು.

ಹಾಸನ ಜಿಲ್ಲೆಯ ನನ್ನ ಊರಿನಲ್ಲಿ ಎದುರು ಮನೆಯ ಆಟೋ ಚಾಲಕರೊಬ್ಬರು ದಂಡ ಕಟ್ಟಲು ಹೆಂಡತಿಯ ಓಲೆಯನ್ನು ಅಡವಿಟ್ಟದ್ದನ್ನು ನಾನು ಬಾಲ್ಯದಲ್ಲಿ ನೋಡಿದ್ದೆ. ತಪ್ಪು ಅವರದೇ, ಅದನ್ನು ಅವರೂ ಅಲ್ಲಗಳೆಯಲಿಲ್ಲ. ಆದರೆ ಅಂದು ಅವರ ಸಂಪಾದನೆ ಎಷ್ಟೆಂದು ಯಾರೂ ಕೇಳಿರಲಿಲ್ಲ. ಇಲ್ಲಿನ ನ್ಯಾಯಾಧೀಶೆ ಪಾತ್ರೆ ತೊಳೆಯುವವನನ್ನು ಆ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಪೆನ್ನು ಹಿಡಿದು ಕಾದಾಗ ನನಗೆ ನೆನಪಾದದ್ದು ಆ ಓಲೆ.