ಕಾಂಗರೂವಿನ ಹೆರಿಗೆ ರಜೆ

ಮೆಲ್ಬರ್ನ್‌ನಲ್ಲಿರುವ ಮೈದುನನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಒಂದು ಫ್ರಾಕು ಕಳಿಸಿದ್ದರೆ ಸಾಕಿತ್ತು. ಕಳಿಸಿದ್ದು ಆಸ್ಟ್ರೇಲಿಯಾದ ಪ್ರಾಣಿಗಳ ಚಿತ್ರಪುಸ್ತಕ. ವಿಷಯ, ತಾಯಿಯ ಪ್ರೀತಿ. ಪುಟಪುಟದಲ್ಲೂ ಮರಿಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ ಒಬ್ಬೊಬ್ಬ ತಾಯಿ. ಯಾರ ಹಣೆಯ ಮೇಲೂ ಬೆವರಿಲ್ಲ, ಯಾರಿಗೂ ನಾಳೆಯ ಟಿಫನ್ ಡಬ್ಬಿಯ ಚಿಂತೆಯಿಲ್ಲ.

ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತೇ ಇದೆ. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಕೂಲರಿಗೆ ನೀರು ತುಂಬಿ, ಪಾತ್ರೆ ತಿಕ್ಕಿ, ಬೆನ್ನು ಚಾಪೆಗೆ ತಾಗುವಷ್ಟರಲ್ಲಿ ಮಗಳು ಪುಸ್ತಕ ತಂದು ನನ್ನ ಹೊಟ್ಟೆಯ ಮೇಲಿಡುತ್ತಾಳೆ. ಒಂದು ಸಾಲು ಹಾರಿಸಿದರೂ ಹಿಡಿಯುತ್ತಾಳೆ. ಅಕ್ಷರ ಬಾರದ ವಯಸ್ಸಿನಲ್ಲಿ ಇಂಥ ಜ್ಞಾಪಕಶಕ್ತಿಯನ್ನು ದೇವರು ಯಾಕೆ ಕೊಡುತ್ತಾನೋ! ಇಷ್ಟನ್ನು ಹೇಗೋ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಪಕ್ಕದ ಮಂಚದಿಂದ ಬರುವ ತೀರ್ಪು.

ಪುಸ್ತಕದ ಕೊನೆಯಲ್ಲಿ ಸಣ್ಣಕ್ಷರದ ಒಂದು ಪುಟವಿದೆ. ಮಗಳಿಗೆ ಅದು ಬೇಡ. ನಮ್ಮ ಅತ್ತೆಗೆ ಅದೇ ಬೇಕು. ಸೆರಗನ್ನು ಮುಖದ ಮೇಲೆಳೆದುಕೊಂಡು ನಿದ್ದೆ ಹೋದವರಂತೆ ಮಲಗಿರುತ್ತಾರೆ. ನಾನು ಓದು ನಿಲ್ಲಿಸಿದರೆ ಮಾತ್ರ ಸೆರಗು ಸರಿಯುತ್ತದೆ. ಕೆಂಪು ಕಾಂಗರೂವಿನ ಮರಿ ಸುಮಾರು 8 ತಿಂಗಳು ತಾಯಿಯ ಚೀಲದಲ್ಲೇ ಬೆಳೆಯುತ್ತದೆ ಎಂದು ಓದಿದ ರಾತ್ರಿ ಉದ್ದನೆಯ ನಿಟ್ಟುಸಿರು ಬಂತು.

“ನೋಡವ್ವಾ, ಮೂಕಪ್ರಾಣಿ. ಎಂಟು ತಿಂಗಳು ಕೂಸನ್ನು ಹೊಟ್ಟೆಗೇ ಕಟ್ಟಿಕೊಂಡು ತಿರುಗುತ್ತದೆ.”

ನನ್ನ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಕಾನೂನಿನ ಹೆರಿಗೆ ರಜೆ 26 ವಾರ, ಕಾಂಗರೂವಿಗಿಂತ ಎರಡು ತಿಂಗಳು ಕಡಿಮೆ. ನಾನೇನು ಮಾಡಲಿ? “ಅತ್ತೆ, ಹುಟ್ಟಿದಾಗ ಆ ಮರಿಯ ತೂಕ ಒಂದು ಗ್ರಾಮಿನಷ್ಟು. ಕಣ್ಣೂ ಬಿಟ್ಟಿರುವುದಿಲ್ಲ. ಆದರೂ ತಾಯಿಯ ಕೂದಲು ಹಿಡಿದು ತಾನೇ ಚೀಲದವರೆಗೆ ಹತ್ತಿಕೊಂಡು ಹೋಗುತ್ತದೆ” ಎಂದೆ. ಮಂಚದಿಂದ ನೀರಿನ ತಂಬಿಗೆಯವರೆಗೂ ನಡೆಯದ ಅವರ ಮಗನ ವಿಷಯ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮಣ್ಣು ಕೆದರುವಾಗ ಮರಿಯ ಮೇಲೆ ಬೀಳದಂತೆ ಚೀಲದ ಬಾಯಿ ಹಿಂದಕ್ಕಿರುವ ವೊಂಬ್ಯಾಟ್ “ಬುದ್ಧಿವಂತೆ” ಎನ್ನಿಸಿಕೊಂಡು ಪಾಸಾಯಿತು. ಮೊಟ್ಟೆಯನ್ನೂ ಇಟ್ಟು, ಮೊಲೆತೊಟ್ಟಿಲ್ಲದೆ ಚರ್ಮದಿಂದಲೇ ಹಾಲೊಸರಿಸುವ ಪ್ಲಾಟಿಪಸ್ ಮಾತ್ರ ಸುಳ್ಳು, ಚಿಕ್ಕ ಮಗನೇ ಯಾರಿಗೋ ಹೇಳಿ ಬರೆಸಿರಬೇಕು. ಕೋಲಾ ಮರಿಗೆ ನೀಲಗಿರಿ ಎಲೆ ಅರಗಿಸಿಕೊಳ್ಳುವ ಶಕ್ತಿ ಬರಲೆಂದು ತಾಯಿ ತನ್ನ ಮೆತ್ತನೆಯ ಮಲವನ್ನೇ ತಿನ್ನಿಸುತ್ತದೆ ಎಂದಾಗ “ಶಿವ ಶಿವಾ” ಎಂದು ಗೋಡೆಯ ಕಡೆ ಹೊರಳಿದರು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ನಾನು ಕಾದಿದ್ದು ಎಮುವಿನ ಪುಟಕ್ಕೆ. ಪಟ್ಟೆಪಟ್ಟೆ ಮರಿಗಳ ನಡುವೆ ನಿಂತ ಆ ಹಕ್ಕಿಯನ್ನೂ ಪುಸ್ತಕದವರು ಅಮ್ಮ ಎಂದೇ ಕರೆದಿದ್ದಾರೆ. ನಿಜವಾಗಿ ಅದು ಅಪ್ಪ. ಹೆಣ್ಣು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತದೆ. ಗಂಡು ಸುಮಾರು 8 ವಾರ ಕಾವಿಗೆ ಕೂತರೆ ಊಟ ಇಲ್ಲವೆನ್ನುವಷ್ಟು ಕಡಿಮೆ. ಮರಿಗಳು ಹೊರಬಂದ ಮೇಲೂ ತಿಂಗಳುಗಟ್ಟಲೆ ಅವನ್ನು ಕಾಯುವುದು ಅಪ್ಪನೇ. ಇದನ್ನೆಲ್ಲ ನಾನು ಬಿಡಿಸಿ ಬಿಡಿಸಿ ಹೇಳಿದೆ. ಪಡಸಾಲೆಯಲ್ಲಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದವರಿಗೆ ಕೇಳಲೆಂದು ದನಿಯನ್ನೂ ಏರಿಸಿದೆ.

ಅತ್ತೆ ಎದ್ದು ಕೂತರು. ನನ್ನ ಮಾತು ನಾಟಿತು ಎಂದುಕೊಂಡೆ.

“ಎರಡು ತಿಂಗಳು ಉಪವಾಸವೇ? ಪಾಪ, ಆ ಗಂಡುಜೀವ ಎಷ್ಟು ಸೊರಗಿರಬೇಕು! ಒಂದು ತುತ್ತು ಬಡಿಸಲು ಮನೆಯಲ್ಲಿ ಹೆಣ್ಣುಮಕ್ಕಳು ಯಾರೂ ಇಲ್ಲವೇ?”

ಮರುದಿನ ಬೆಳಿಗ್ಗೆ ನನ್ನ ಗಂಡನ ತಟ್ಟೆಗೆ ಎರಡು ರೊಟ್ಟಿ ಹೆಚ್ಚಿಗೆ ಬಿದ್ದವು, ಮೇಲೆ ಬೆಣ್ಣೆ. ಯಾಕೆಂದು ಅವರು ಕೇಳಲೂ ಇಲ್ಲ.

ಒಂದು ರಾತ್ರಿ ಕರೆಂಟು ಹೋಗಿತ್ತು. ಅತ್ತೆ ಬೀಸಣಿಗೆಯಿಂದ ಮೊಮ್ಮಗಳಿಗೆ ಗಾಳಿ ಹಾಕುತ್ತಾ, ಯಾರೂ ಕೇಳದೆಯೇ ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದ ದಿನಗಳ ಮಾತು ತೆಗೆದರು. ಬದುವಿನ ಬೇವಿನ ಮರಕ್ಕೆ ಸೀರೆ ಕಟ್ಟಿ ಕೂಸನ್ನು ಮಲಗಿಸಿದ್ದರಂತೆ. ಕೂಸು ಎಂದರೆ ಈಗ ಬೆಣ್ಣೆ ರೊಟ್ಟಿ ತಿನ್ನುವವರೇ. ಇರುವೆ ಹತ್ತಿ ಚೀರತೊಡಗಿತು. ಹೊಲದ ಧಣಿ, ಹಿಡಿದ ಸಾಲು ಮುಗಿಸಿ ಹೋಗು ಎಂದ.

“ಮುಗಿಸಿಯೇ ಹೋದೆನವ್ವಾ” ಎಂದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬೀಸಣಿಗೆ ಇಸಿದುಕೊಂಡೆ. ಕರೆಂಟು ಬಂದದ್ದೇ ತಡ, ಕಾಂಗರೂ ಮತ್ತೆ ಶುರುವಾಯಿತು, ಅದು ಬೇರೆ ಮಾತು.

ಆಸ್ಟ್ರೇಲಿಯಾದ ತಾಯಂದಿರ ಕಾಟ ತಪ್ಪಲಿ ಎಂದು ಭಾನುವಾರ ಎಲ್ಲರನ್ನೂ ಹೊರಡಿಸಿಕೊಂಡು ಕಮಲಾಪುರದ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋದೆವು. ಧಾಮವಾಗಿ ಘೋಷಣೆಯಾದದ್ದು 1994ರಲ್ಲಿ. ಇಷ್ಟು ಹತ್ತಿರವಿದ್ದೂ ನಮ್ಮ ಮನೆಯಲ್ಲಿ ಒಬ್ಬರೂ ಅತ್ತ ತಲೆ ಹಾಕಿರಲಿಲ್ಲ. ನಮ್ಮ ಕರಡಿಯೂ ಏನು ಕಡಿಮೆ, ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ ಎಂದು ದಾರಿಯುದ್ದಕ್ಕೂ ಮಗಳಿಗೆ ಹೇಳಿಟ್ಟಿದ್ದೆ. ಎದುರಿನ ಬಂಡೆಗೆ ಸಿಬ್ಬಂದಿ ಬೆಲ್ಲದ ಪಾಕ ಬಳಿದಿದ್ದರು. ವೀಕ್ಷಣಾ ಗೋಪುರದ ಮೇಲೆ ಕಾದು ಕಾದು ಕಾಲು ಜೋಮು ಹಿಡಿಯುವ ಹೊತ್ತಿಗೆ ಪೊದೆ ಸರಿಸಿಕೊಂಡು ಕರಡಿ ಬಂತು. ಒಂದೇ. ಬೆನ್ನ ಮೇಲೆ ಧೂಳು ಮೆತ್ತಿದ ಕೂದಲಷ್ಟೇ ಇತ್ತು.

“ಪಾಪು ಎಲ್ಲಿ?” ಎಂದಳು ಮಗಳು. ಅದು ಗಂಡೋ ಹೆಣ್ಣೋ ನನಗೇನು ಗೊತ್ತು? ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

“ಮನೆಯಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದಿದೆ, ಕಂದಾ. ದುಡಿಯುವ ಹೆಣ್ಣು, ಪಾಪ, ಇನ್ನೇನು ಮಾಡಬೇಕು?”

ಬಂಡೆಯ ಮೇಲಿನ ಬೆಲ್ಲ ನೆಕ್ಕುವುದು ದುಡಿಮೆ. ನಾನು ಒಂಬತ್ತೂವರೆಗೆ ಹೋಗಿ ಆರಕ್ಕೆ ಬರುವುದು ಇವತ್ತಿಗೂ ಅತ್ತೆಯ ಬಾಯಲ್ಲಿ ‘ಫ್ಯಾನಿನ ಕೆಳಗೆ ಕೂತು ಬರುವುದು’.