ಮಷಿನ್ ಇದೆ, ಮುಟ್ಟಬೇಡಿ

ದಾವಣಗೆರೆಯಲ್ಲಿ ಈಗ ಬಾಡಿಗೆ ಮನೆ ನೋಡಲು ಹೋದರೆ ಓನರ್ ಮೊದಲು ತೋರಿಸುವುದು ಹಾಲ್ ಅಲ್ಲ, ದೇವರ ಮನೆಯೂ ಅಲ್ಲ. ಅಡುಗೆಮನೆ ಹಿಂದಿನ ಯುಟಿಲಿಟಿ. ಅಲ್ಲಿ ಹೂವಿನ ಕವರ್ ಹೊದ್ದುಕೊಂಡು ಒಂದು ವಾಷಿಂಗ್ ಮಷಿನ್ ನಿಂತಿರುತ್ತದೆ. "ಬೆಂಗಳೂರಲ್ಲಿ ಹೆಂಗೋ ಹಂಗೇ ಮಾಡ್ಸಿದೀವಿ ಸಾರ್" ಅನ್ನುತ್ತಾರೆ. ಬಾಡಿಗೆಯೂ ಹಂಗೇ ಅಂತ ಆಮೇಲೆ ಗೊತ್ತಾಗುತ್ತದೆ.

ಮೆಡಿಕಲ್, ಇಂಜಿನಿಯರಿಂಗ್ ಕಾಲೇಜು ಇರುವ ಊರು. ಎಂಸಿಸಿ ಬಿ ಬ್ಲಾಕ್, ವಿದ್ಯಾನಗರದ ಕಡೆ ಬಾಡಿಗೆದಾರರಿಗೆ ಬರ ಇಲ್ಲ. ಹಾಗಾಗಿ ಮನೆ ನೋಡಲು ನಾವು ಹೋದರೂ ಸಂದರ್ಶನ ಆಗುವುದು ನಮ್ಮದೇ. ಎಷ್ಟು ಜನ? ನೆಂಟರು ಜಾಸ್ತಿ ಬರ್ತಾರಾ? ಸಂಬಳ ಒಂದನೇ ತಾರೀಖಿಗೇ ಆಗುತ್ತಾ? ಕೊನೆಗೆ, ದನಿ ಸ್ವಲ್ಪ ತಗ್ಗಿಸಿ, "ನೀವು ಯಾವ ಪೈಕಿ?" ಮಷಿನ್‌ಗೆ ಹಾಕುವ ಬಟ್ಟೆ ಯಾರ ಮೈಮೇಲಿನದು ಅಂತ ತಿಳ್ಕೋಬೇಕಲ್ವಾ!

ಇಷ್ಟೂ ಪಾಸಾದವರಿಗೆ ಗೋಡೆಗೆ ಅಂಟಿಸಿದ ಹಾಳೆ ಓದುವ ಭಾಗ್ಯ. ನಾನು ನೋಡಿದ ಒಂದು ಮನೆಯಲ್ಲಿ ಅದಕ್ಕೆ ಲ್ಯಾಮಿನೇಷನ್ ಕೂಡ ಮಾಡಿಸಿದ್ದರು. ವಾರಕ್ಕೆ ಒಂದೇ ಸಲ. ನಲ್ಲಿ ನೀರು ಬಂದ ದಿನ ಮಾತ್ರ. ರಾತ್ರಿ 8ರ ಮೇಲೆ ಬೇಡ, ಕೆಳಗೆ ಧಾರಾವಾಹಿ ಕೇಳಿಸಲ್ಲ. ಬೆಡ್‌ಶೀಟ್, ಜೀನ್ಸ್, ರಗ್ಗು, ಮಕ್ಕಳ ಯೂನಿಫಾರ್ಮ್ ಹಾಕಬಾರದು. "ಮತ್ತೆ ಏನು ಹಾಕೋದು ಯಜಮಾನ್ರೇ?" ಅಂದೆ. ಸ್ವಲ್ಪ ಯೋಚಿಸಿ, "ಕರ್ಚೀಫ್ ಹಾಕ್ಬಹುದು" ಅಂದರು.

ಅಡ್ವಾನ್ಸ್ ಹತ್ತು ತಿಂಗಳದ್ದು. 2021ರಲ್ಲಿ ಕೇಂದ್ರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಅಂತಿದೆಯಲ್ಲ ಎಂದು ಸುಮ್ನೆ ಬಾಯಿಬಿಟ್ಟೆ. "ಅದು ಮನೆಗೆ ಸಾರ್, ಮಷಿನ್‌ಗೆ ಬೇರೆ" ಅಂದರು. ಕರಾರು 11 ತಿಂಗಳಿಗೆ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ, ಅದಕ್ಕೆ. ಈ ಕಾನೂನು ಮಾತ್ರ ಎಲ್ಲ ಓನರ್‌ಗಳಿಗೂ ಬಾಯಿಪಾಠ.

ಕರೆಂಟಿನದು ಇನ್ನೊಂದು ಕಥೆ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೂರು ಮನೆಗೆ ಒಂದೇ ಮೀಟರ್ ಇಟ್ಟ ಪುಣ್ಯಾತ್ಮರು ಬೆಳಿಗ್ಗೆ ಎದ್ದು ಸೂರ್ಯನಿಗಿಂತ ಮೊದಲು ಮೀಟರ್ ನೋಡುತ್ತಾರೆ. ತಣ್ಣೀರಲ್ಲಿ ಒಂದು ಸಲ ಬಟ್ಟೆ ಒಗೆದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ ಎಂದು ಅವರಿಗೆ ಹೇಳಿ ನೋಡಿ. ಹಗಲಿಡೀ ಉರಿಯುವ ಗೇಟಿನ ಲೈಟು ಯಾರ ಲೆಕ್ಕಕ್ಕೆ ಅಂತ ಮಾತ್ರ ಕೇಳಬೇಡಿ.

ನೀರಿಗೆ ಬಂದರೆ ಓನರ್ ಒಬ್ಬರನ್ನೇ ಬೈದು ಪ್ರಯೋಜನವಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯ 20 ನಗರಗಳಲ್ಲೇ ನಮ್ಮ ಊರಿನ ಹೆಸರಿತ್ತು. 24 ಗಂಟೆ ನೀರು ಅಂತ ಜಲಸಿರಿ ಯೋಜನೆಯ ಪೈಪಿಗೆ ರಸ್ತೆ ಅಗೆದದ್ದೂ ಆಯಿತು. ಆ ಧೂಳು ತಿಂದ ಬಟ್ಟೆ ಒಗೆಯಲು ಮೇಲಿಂದ ಬಟ್ಟೆ ಹಾಕುವ ಮಷಿನ್ ಒಂದು ಸಲಕ್ಕೆ ನೂರು ಲೀಟರ್ ದಾಟಿ ಕುಡಿಯುತ್ತದೆ. ಬೋರ್ ನೀರು ಬಿಟ್ಟರೆ ಮಷಿನ್ ಡ್ರಮ್ಮಿಗೆ ಬಿಳಿ ಸುಣ್ಣದ ಪದರ. ಅದನ್ನು ತೆಗೆಸುವ ಖರ್ಚು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಅಂಗಿ ಒಗೆಯಲು ಪರ್ಮಿಷನ್!

ಬಾಡಿಗೆದಾರರು ಕೊನೆಗೆ ಹಿತ್ತಲಿನ ಒಗೆಯೋ ಕಲ್ಲಿಗೇ ಶರಣು. ಭಾನುವಾರ ಬಂತೆಂದರೆ ಓನರ್ ಮನೆಯ ರಗ್ಗು, ಪರದೆ, ಮೊಮ್ಮಗನ ಯೂನಿಫಾರ್ಮ್ ಎಲ್ಲ ಮೆಟ್ಟಿಲು ಹತ್ತಿ ಬರುತ್ತವೆ. "ಹೆಂಗೂ ನೀವು ಹಾಕಲ್ವಲ್ಲ, ಮಷಿನ್ ಸುಮ್ನೆ ಕೂತ್ರೆ ಕೆಟ್ಟು ಹೋಗುತ್ತೆ." ಸೋಪಿನ ಪುಡಿ ನಮ್ಮದು.

ನಿಜಲಿಂಗಪ್ಪ ಬಡಾವಣೆಯ ಕಡೆ ಒಂದು ಹೊಸ ಮನೆಯಲ್ಲಿ ಪಾತ್ರೆ ತೊಳೆಯುವ ಮಷಿನ್ ಕೂಡ ಇಟ್ಟಿದ್ದಾರಂತೆ. ಬಾಡಿಗೆ ಸ್ವಲ್ಪ ಜಾಸ್ತಿ. ಕಂಡೀಷನ್ ಒಂದೇ: ತೊಳೆದ ಪಾತ್ರೆ ಮಾತ್ರ ಇಡಬೇಕು.