ನಿಕಲ್ ಜಾಸ್ತಿ ಹಾಕಿದರೆ ಮುಗಿಯಿತೇ?
ಕೋಬಾಲ್ಟ್ ಕಡಿಮೆ ಮಾಡಿ ನಿಕಲ್ ಜಾಸ್ತಿ ಹಾಕಿದರೆ ಲಿಥಿಯಂ ಬ್ಯಾಟರಿಯ ಸಮಸ್ಯೆ ತೀರಿತು ಎಂದು ಲೇಖನದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅಷ್ಟು ಸಲೀಸಲ್ಲ ಸಾರ್. ಬ್ಯಾಟರಿಯ ಧನ ಧ್ರುವಕ್ಕೆ ಬಳಿಯುವ ಕ್ಯಾಥೋಡ್ ಪುಡಿ ತಯಾರಿಸುವ ಲ್ಯಾಬಿನಲ್ಲಿ ಕೈ ಕಪ್ಪು ಮಾಡಿಕೊಂಡವನು ನಾನು.

ನಿಕಲ್ ಅಯಾನಿನ ಗಾತ್ರ ಹೆಚ್ಚುಕಡಿಮೆ ಲಿಥಿಯಂನಷ್ಟೇ. ಕುಲುಮೆಯಲ್ಲಿ ಸುಡುವಾಗ ಸ್ವಲ್ಪ ಎಡವಿದರೂ ಅದು ಹೋಗಿ ಲಿಥಿಯಂ ಜಾಗದಲ್ಲಿ ಕೂತುಬಿಡುತ್ತದೆ. ಆಮೇಲೆ ಲಿಥಿಯಂ ಓಡಾಡುವ ದಾರಿಗೇ ಅಡ್ಡ. ಇದನ್ನು ತಡೆಯುವುದರಲ್ಲಿ ಕೋಬಾಲ್ಟಿನ ಪಾಲು ದೊಡ್ಡದು. ಪುಡಿಯಲ್ಲಿರುವ ಮೂರನೆಯ ಲೋಹ ಮ್ಯಾಂಗನೀಸ್ ಮಾತ್ರ ಚಾರ್ಜಿನ ಗೊಡವೆಗೆ ಹೋಗದೆ ಕಂಬದ ಹಾಗೆ ನಿಂತಿರುತ್ತದೆ.

ಈ ಲೋಹಗಳ ಹತ್ತು ಪಾಲಿನಲ್ಲಿ ಎಂಟು ನಿಕಲ್, ಒಂದೊಂದು ಮ್ಯಾಂಗನೀಸ್, ಕೋಬಾಲ್ಟ್ ಇರುವ 811 ಪುಡಿಯನ್ನು ಆಕ್ಸಿಜನ್ ಹರಿಸುತ್ತಾ ಸುಡಬೇಕು. ಗಾಳಿಗೆ ಬಿಟ್ಟರೆ ತೇವ, ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮೈಮೇಲೆ ಲಿಥಿಯಂ ಕಾರ್ಬೊನೇಟ್ ಕಟ್ಟಿಕೊಳ್ಳುತ್ತದೆ. ಒಮ್ಮೆ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ನಾಲ್ಕೈದು ದಿನ ಮರೆತಿದ್ದೆ (ತಪ್ಪು ನನ್ನದೇ). ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು) ಜೊತೆ ಕಲಸಿದರೆ ಎಲ್ಲ ಜೆಲ್ಲಿಯಾಗಿ ಚಮಚಕ್ಕೇ ಅಂಟಿತು. ಅಲ್ಯೂಮಿನಿಯಂ ಹಾಳೆಗೆ ಬಳಿಯಲು ಆಗಲೇ ಇಲ್ಲ.

1980ರಲ್ಲಿ ವಿಜ್ಞಾನಿ ಜಾನ್ ಗುಡ್‌ಇನಫ್ ತಂಡ ತೋರಿಸಿಕೊಟ್ಟ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಫೋನುಗಳಲ್ಲಿ ಇನ್ನೂ ಉಳಿದಿರುವುದು ಸುಮ್ನೆ ಅಲ್ಲ. ಪುಡಿಯ ಕಣಗಳಿಗೆ ಕೊಡುವ ಲೇಪನದ ಬಗ್ಗೆಯೂ ಬರೆಯಿರಿ. ನಿಜವಾದ ಜಗಳ ಇರುವುದು ಅಲ್ಲೇ ಅಲ್ವಾ?